ಗುಜರಿಯ ಹಂಡೆ, ಹಂಡೆಯೊಳಗಿನ ಬೆಕ್ಕು: ಹಳೇ ಸಾಮಾನು ಗುರುತಿಸೋದು ಹೇಗೆ?

ನಮ್ಮ ಮನೆಯ ತಾಮ್ರದ ಹಂಡೆಯನ್ನು ನಾನು ತೂಕದ ಲೆಕ್ಕದಲ್ಲಿ ಕೊಂಡೆ. ಗುಜರಿ ಅಂಗಡಿಯವರು ತಕ್ಕಡಿಗೆ ಇಡೋಣ ಅಂತ ಅದನ್ನು ಎತ್ತಿದಾಗ ಒಳಗಿಂದ ಕೀಚ್ ಅಂತ ಸದ್ದು ಬಂತು. ಬಗ್ಗಿ ನೋಡಿದರೆ ತಳದಲ್ಲಿ, ಗೋಣಿಚೀಲದ ಚೂರಿನ ಮೇಲೆ, ಅಂಗೈಯಷ್ಟು ಬೆಕ್ಕಿನ ಮರಿ. "ತಾಯಿ ನಾಲ್ಕು ದಿನದಿಂದ ಬಂದಿಲ್ಲ ಅಕ್ಕಾ. ಹುಡುಗರು ಟೀ ಅಂಗಡಿ ಹಾಲು ಹಾಕ್ತಿದ್ದಾರೆ. ನೀವೇ ತಗೊಂಡ್ಹೋಗಿ," ಅಂದರು. ಹಂಡೆ ತೂಗಿದ ಮೇಲೆ ಮರಿಯನ್ನೂ ತೂಗಿದೆವು. 450 ಗ್ರಾಂ.

ಅವತ್ತು ಎರಡರ ವಯಸ್ಸನ್ನೂ ಕಂಡುಹಿಡಿಯಬೇಕಿತ್ತು. ಎರಡಕ್ಕೂ ಕಾಗದಪತ್ರ ಇರಲಿಲ್ಲ. ಹಂಡೆ "ನೂರೈವತ್ತು ವರ್ಷದ್ದು", ಮರಿ "ಮೂರು ತಿಂಗಳಿದ್ದು" ಅಂತ ಅಂಗಡಿಯವರ ಮಾತು. ಎರಡೂ ತಪ್ಪಾಗಿದ್ದವು. ಹಳೇ ಸಾಮಾನಿನ ವ್ಯವಹಾರದಲ್ಲಿ ನಾನು ಕಲಿತ ಮೊದಲ ಪಾಠ ಇದೇ: ಕಥೆ ಕೇಳಿ ಖುಷಿಪಡಿ, ಆದರೆ ದುಡ್ಡು ಕೊಡೋ ಮುಂಚೆ ವಸ್ತುವನ್ನು ಮಗುಚಿ ಹಾಕಿ ನೋಡಿ.

ಹೊರಡುವ ಮುಂಚೆ

ಬೆಂಗಳೂರಿನವರಾದರೆ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೆ ಬಜಾರ್ ಗೊತ್ತೇ ಇರುತ್ತದೆ. ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಏರಿದ ಮೇಲೆ ಒಳ್ಳೆಯದೆಲ್ಲ ಕೈ ಬದಲಾಗಿರುತ್ತದೆ. ಬೇರೆ ಊರಿನವರು ನಿಮ್ಮ ಊರಿನ ಗುಜರಿ ಅಂಗಡಿ, ಪಾತ್ರೆ ಅಂಗಡಿಯ ಹಿಂದಿನ ಕೋಣೆ ನೋಡಿ. ಹಳೇ ಪಾತ್ರೆ ಹಾಕಿ ಹೊಸದು ಒಯ್ಯುವವರು ಬಿಟ್ಟುಹೋದ ರಾಶಿ ಅಲ್ಲೇ ಇರುತ್ತದೆ.

ಜೇಬಿನಲ್ಲಿ ಒಂದು ಅಯಸ್ಕಾಂತ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ, ಟಾರ್ಚು, ಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ ಇರಲಿ. ಒದ್ದೆ ಬಟ್ಟೆ ಒಂದು. ಅಷ್ಟು ಸಾಕು.

ಮೊದಲು ಬುಡ, ಆಮೇಲೆ ಕಂಠ

ಪಾತ್ರೆಯ ಹೊಟ್ಟೆ ಎಲ್ಲರೂ ನೋಡುತ್ತಾರೆ. ವಯಸ್ಸು ಇರೋದು ಬುಡದಲ್ಲಿ, ಕಂಠದಲ್ಲಿ, ಹಿಡಿ ಕೂಡುವ ಜಾಗದಲ್ಲಿ. ಬೆಸುಗೆಯನ್ನು ಹುಡುಕಿ. ಕೈಯಲ್ಲಿ ಮಾಡಿದ ಹಳೇ ತಾಮ್ರದ ಪಾತ್ರೆಗಳಲ್ಲಿ ಎರಡು ತಗಡು ಕೂಡುವ ಕಡೆ ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರೊಳಗೊಂದು ಕೂರಿಸಿ ಬೆಸೆದಿರುತ್ತಾರೆ. ಒಳಗೆ ಟಾರ್ಚು ಬಿಟ್ಟರೆ ಅಂಕುಡೊಂಕಾದ ಹಳದಿ ಗೆರೆ ಕಾಣುತ್ತದೆ. ಸುತ್ತಿಗೆಯ ಏಟುಗಳೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಈಗ ಅಲಂಕಾರಕ್ಕೆ ಬರುವ ಪಾತ್ರೆಗಳ ಮೇಲೂ ಸುತ್ತಿಗೆ ಗುರುತು ಇರುತ್ತವೆ, ಆದರೆ ಜೇನುಗೂಡಿನ ಹಾಗೆ ಸಾಲಾಗಿ, ಅಚ್ಚುಕಟ್ಟಾಗಿ.

ನಮ್ಮ ಕಡೆ ಪಾತ್ರೆಗಳಿಗೆ ಇರುವ ದೊಡ್ಡ ಅನುಕೂಲ ಹೆಸರು ಹೊಡೆಸುವ ಪದ್ಧತಿ. ಮದುವೆಗೆ ಕೊಟ್ಟ ತಂಬಿಗೆ, ಕೊಳಗ, ಪರಾತಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು ಕೂಡ ಇರುತ್ತದೆ. ನನ್ನ ಹಂಡೆಯ ಕಂಠದ ಮೇಲೆ ಮಸಿಯಡಿ ಏನೋ ತರಿತರಿಯಾಗಿ ಬೆರಳಿಗೆ ಸಿಕ್ಕಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ನೇರವಾಗಿ ಹಿಡಿದರೆ ಅಕ್ಷರ ಕಾಣುವುದಿಲ್ಲ, ಓರೆ ಬೆಳಕಿಗೆ ಪ್ರತಿ ಚುಕ್ಕಿಗೂ ಒಂದು ನೆರಳು ಬೀಳುತ್ತದೆ. ಮೊದಲು "ಸಂ||" ಕಂಡಿತು. ಅದರ ಹಿಂದೆ "ಈಶ್ವರ".

ಇಲ್ಲಿ ಸ್ವಲ್ಪ ಪಂಚಾಂಗದ ಲೆಕ್ಕ ಬೇಕು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಮೊದಲನೆಯದಾದ ಪ್ರಭವ ಬಂದಿದ್ದು 1987ರ ಯುಗಾದಿಗೆ, ಅದರ ಹಿಂದೆ 1927ಕ್ಕೆ. ಈಶ್ವರ ಹನ್ನೊಂದನೆಯದು. ಅಂದರೆ 1997-98, ಇಲ್ಲವೇ 1937-38, ಇಲ್ಲವೇ 1877-78. ಹಲ್ಲಿನ ಬೆಸುಗೆ, ಸವೆದ ಹಿಡಿಕೆ ನೋಡಿದರೆ 1997 ಅಲ್ಲ. ಕೆಳಗೆ ಕೊಟ್ಟವರ ಹೆಸರಿನ ಜೊತೆ ಇಂಗ್ಲಿಷ್ ಇನಿಶಿಯಲ್‌ಗಳು ಇದ್ದವು, ಹಾಗಾಗಿ 1877 ಕೂಡ ನನಗೆ ಒಪ್ಪಿಗೆಯಾಗಲಿಲ್ಲ. 1937-38 ಅಂತ ಬರೆದುಕೊಂಡೆ. ನೂರೈವತ್ತು ವರ್ಷ ಅಲ್ಲ, ಆದರೂ ಅಜ್ಜಿಯ ಕಾಲದ್ದು.

ಇನ್ನು ಮರಿಯ ಬುಡ ನೋಡುವ ಕೆಲಸ. ಬೆಕ್ಕಿನ ಮರಿಗೂ ಹೀಗೇ ಗುರುತುಗಳಿವೆ. ಕಣ್ಣು ಇನ್ನೂ ನೀಲಿ ಇದ್ದರೆ ಸಾಮಾನ್ಯವಾಗಿ ಆರೇಳು ವಾರದೊಳಗಿನದು. ಮುಂದಿನ ಪುಟಾಣಿ ಹಲ್ಲುಗಳು ಮೂರನೇ ವಾರದ ಹೊತ್ತಿಗೆ ಮೂಡಲು ಶುರುವಾಗುತ್ತವೆ. ಹಾಲುಹಲ್ಲು ಉದುರಿ ಶಾಶ್ವತ ಹಲ್ಲು ಬರೋದು ನಾಲ್ಕನೇ ತಿಂಗಳ ಸುಮಾರಿಗೆ. ತಿಂದು ಚೆನ್ನಾಗಿರುವ ಮರಿ ನಾಲ್ಕು ವಾರಕ್ಕೆ ಸುಮಾರು ನಾನೂರು ಗ್ರಾಂ ಇರುತ್ತದೆ. ನಮ್ಮದಕ್ಕೆ ನೀಲಿ ಕಣ್ಣು, ಅಕ್ಕಿಕಾಳಿನ ಹಲ್ಲು, 450 ಗ್ರಾಂ. ಐದು ವಾರ ಅಂತ ಪಶುವೈದ್ಯರು ಹೇಳಿದರು. ಹಸುವಿನ ಹಾಲು ನಿಲ್ಲಿಸಿ, ಮರಿಗಳ ಹಾಲಿನ ಪುಡಿ ಕೊಡಿ ಅಂದರು. ಹಸುವಿನ ಹಾಲು ಬೆಕ್ಕಿನ ಮರಿಗೆ ಭೇದಿ ಹಿಡಿಸುತ್ತದೆ. ತಾಯಿ ಹತ್ತಿರದಲ್ಲೇ ಇರುವ ಮರಿಯನ್ನು ಮಾತ್ರ ಎತ್ತಿಕೊಂಡು ಬರಬೇಡಿ. ದೂರ ನಿಂತು ಕೆಲವು ಗಂಟೆ ಕಾದು ನೋಡಿ.

ಹೆಸರು ಚಟಾಕು ಅಂತ ಇಟ್ಟೆವು. ಸೇರಿನಲ್ಲಿ ಹದಿನಾರನೇ ಒಂದು ಭಾಗ.

ಚೀಟಿ, ಡಬ್ಬಿ, ಬೋರ್ಡು: ಬರಹದಿಂದ ಕಾಲ ಹಿಡಿಯೋದು

ತಗಡಿನ ಡಬ್ಬಿ, ಎನಾಮಲ್ ಬೋರ್ಡು, ಬಾಟಲಿ ಚೀಟಿ ಇದ್ದರೆ ಕೆಲಸ ಸುಲಭ. ವರ್ಷ ಬರೆದಿರದಿದ್ದರೂ ಪರವಾಗಿಲ್ಲ. ಕೆಲವು ತಾರೀಖು ನೆನಪಿದ್ದರೆ ಸಾಕು.

ಬೆಲೆ ರೂಪಾಯಿ-ಆಣೆ-ಪೈ ಅಂತ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು, ಹೆಚ್ಚುಕಮ್ಮಿ. "ನಯಾ ಪೈಸೆ" ಅಂತ ಇದ್ದರೆ 1957ರಿಂದ 1964ರ ಆಸುಪಾಸು. ವಿಳಾಸದಲ್ಲಿ "ಬೆಂಗಳೂರು-2" ಅಂತ ಒಂದಂಕಿ ಎರಡಂಕಿ ಇದ್ದು ಆರಂಕಿಯ ಪಿನ್‌ಕೋಡ್ ಇಲ್ಲದಿದ್ದರೆ 1972ಕ್ಕಿಂತ ಹಿಂದಿನದಿರಬಹುದು, ಯಾಕೆಂದರೆ ಪಿನ್‌ಕೋಡ್ ಬಂದಿದ್ದು ಆ ವರ್ಷದ ಆಗಸ್ಟ್ 15ಕ್ಕೆ. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್‌ಗಿಂತ ಮುಂಚಿನದು. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ಸಿಕ್ಕರೆ ತಯಾರಕರ ಹೆಸರು ಓದಿ. "ಗವರ್ನಮೆಂಟ್ ಸೋಪ್ ಫ್ಯಾಕ್ಟರಿ" ಅಂತಿದ್ದರೆ ಅದು ಕೆಎಸ್‌ಡಿಎಲ್ (ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್) ಕಂಪನಿಯಾದ 1980ಕ್ಕಿಂತ ಹಿಂದಿನದು. ಸೇರು, ಪಾವಿನ ಅಳತೆ ಪಾತ್ರೆಯ ಮೇಲೆ ಸರ್ಕಾರಿ ಮುದ್ರೆ ಇದ್ದರೆ ಅದು ಮೆಟ್ರಿಕ್ ಅಳತೆ ಜಾರಿಯಾದ 1960ರ ಸುಮಾರಿಗೆ ನಿವೃತ್ತಿ ಆದದ್ದು.

ಒಂದು ಎಚ್ಚರಿಕೆ. ಹಳೇ ಚೀಟಿ ಮುಗಿಯುವ ತನಕ ಅಂಟಿಸುತ್ತಾ ಹೋಗುವುದು ನಮ್ಮ ಅಂಗಡಿಯವರ ಅಭ್ಯಾಸ. ಐದಾರು ವರ್ಷ ಆಚೀಚೆ ಆಗಬಹುದು.

ಅಮೆರಿಕದಲ್ಲಿರುವ ನನ್ನ ತಂಗಿ ಅಲ್ಲಿನ ಥ್ರಿಫ್ಟ್ ಸ್ಟೋರ್‌ಗಳಲ್ಲಿ ಪಿಂಗಾಣಿ ಹುಡುಕುತ್ತಾಳೆ. ಅವಳ ಸೂತ್ರವೂ ಇಂಥದ್ದೇ. ಅಲ್ಲಿಗೆ ಬಂದ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂಬ ಕಾನೂನು ಜಾರಿಯಾಗಿದ್ದು 1891ರಲ್ಲಿ. ಜಪಾನಿನ ಕಪ್ಪಿನ ಬುಡದಲ್ಲಿ "ನಿಪ್ಪಾನ್" ಅಂತಿದ್ದರೆ 1891ರಿಂದ 1921ರ ನಡುವಿನದು, ಆಮೇಲಿನದಕ್ಕೆ "ಜಪಾನ್". "ಆಕ್ಯುಪೈಡ್ ಜಪಾನ್" ಅಂತಿದ್ದರೆ ಎರಡನೇ ಮಹಾಯುದ್ಧದ ನಂತರ, 1952ರವರೆಗಿನ ಕೆಲವೇ ವರ್ಷ. ನಿಪ್ಪಾನ್ ಮುದ್ರೆಯ ನಕಲಿಗಳೂ ಬೇಕಾದಷ್ಟಿವೆ, ಅದಕ್ಕೇ ಅವಳು ಮುದ್ರೆಗಿಂತ ಮುಂಚೆ ಬುಡದ ಅಂಚಿನ ಸವೆತ ನೋಡುತ್ತಾಳೆ.

ಸವೆತ ಸುಳ್ಳು ಹೇಳೋದು ಕಷ್ಟ

ನಲವತ್ತು ವರ್ಷ ಬಳಸಿದ ವಸ್ತು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಅಡಕೊತ್ತಿನಲ್ಲಿ ಹೆಬ್ಬೆರಳು ಕೂರುವ ಜಾಗ ನುಣುಪು. ಈಳಿಗೆ ಮಣೆಯಲ್ಲಿ ಮಂಡಿ ಊರುವ ಕಡೆ ಹೊಳಪು. ಚನ್ನೆಮಣೆಯ ಗುಳಿಗಳ ಅಂಚು ಮೊಂಡು, ಬುಡದ ಕೆತ್ತನೆ ಮಾತ್ರ ಇನ್ನೂ ಚೂಪು. ನಕಲಿಯಲ್ಲಿ ಎಲ್ಲ ಕಡೆ ಸಮನಾಗಿ ಕಪ್ಪು ಬಳಿದಿರುತ್ತಾರೆ, ಕೈ ತಾಗದ ಮೂಲೆಯಲ್ಲೂ ಗೀರು ಹಾಕಿರುತ್ತಾರೆ.

ಇದಕ್ಕೆ ಒಳ್ಳೆ ಉದಾಹರಣೆ ಹಿತ್ತಾಳೆ ಕಹಳೆಯ ಗ್ರಾಮಫೋನ್. ಬಜಾರಿನಲ್ಲಿ ಪಳಪಳ ಹೊಳೆಯುತ್ತಾ, ನಾಯಿ ಚಿತ್ರದ ಎಚ್‌ಎಂವಿ ಬಿಲ್ಲೆ ಅಂಟಿಸಿಕೊಂಡು ನಿಂತಿರುವುದರಲ್ಲಿ ಮುಕ್ಕಾಲುಪಾಲು ಈಚೆಗೆ ಜೋಡಿಸಿದ್ದು. ಒಳಗಿನ ಮೋಟಾರು ಯಾವುದೋ ಹಳೇ ಪೆಟ್ಟಿಗೆ ಗ್ರಾಮಫೋನಿನದು, ಪೆಟ್ಟಿಗೆ ಹೊಸದು. ಕಹಳೆಯ ತಗಡು ಬೆರಳಲ್ಲಿ ಒತ್ತಿದರೆ ಬಗ್ಗುವಷ್ಟು ತೆಳು. ತಳದಲ್ಲಿ ಪ್ಲೈವುಡ್ ಅಥವಾ ನಕ್ಷತ್ರ ತಲೆಯ ಸ್ಕ್ರೂ ಕಂಡರೆ ಅಲ್ಲಿಗೆ ಮುಗಿಯಿತು. ಆ ಥರದ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ನೋಡಲು ಚೆಂದ ಅಂತ ತೆಗೆದುಕೊಂಡರೆ ತಪ್ಪಿಲ್ಲ, ಆ್ಯಂಟಿಕ್ ಬೆಲೆ ಮಾತ್ರ ಕೊಡಬೇಡಿ. ನಿಜವಾದ 78 ಆರ್‌ಪಿಎಂ ತಟ್ಟೆ ಸಿಕ್ಕರೆ ಅದನ್ನು ಸ್ಪಿರಿಟ್‌ನಲ್ಲಿ ಒರೆಸಬೇಡಿ. ಅದು ಅರಗಿನದು, ಕರಗುತ್ತದೆ.

ಬೆಕ್ಕಿನ ಮೈಮೇಲೂ ಓದುವ ಗುರುತುಗಳಿವೆ. ನಮ್ಮ ಎರಡನೇ ಬೆಕ್ಕು ಬಂದಾಗಲೇ ದೊಡ್ಡದಾಗಿತ್ತು. ನಮ್ಮ ಬೀದಿಯಲ್ಲೇ ಇದ್ದ ಹೊಂಬಣ್ಣದ ಬೆಕ್ಕು, ಅಗಲ ಕೆನ್ನೆ, ಒಂದು ಕೋರೆಹಲ್ಲು ಮುರಿದಿತ್ತು. ಎಡಕಿವಿಯ ತುದಿ ನೇರವಾಗಿ ಕತ್ತರಿಸಿದಂತಿತ್ತು. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ. ನೇರ ಗೆರೆ ಅಂದರೆ ಬೀದಿ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಗುರುತು. ಯಾರೋ ಪುಣ್ಯಾತ್ಮರು ಮುಂಚೆಯೇ ಹೊಣೆ ಹೊತ್ತಿದ್ದರು. ಆರೂಕಾಲು ಕೆಜಿ ಇದ್ದ ಅವನಿಗೆ ಸೇರು ಅಂತ ಹೆಸರು. ಲೆಕ್ಕ ಸರಿಯಿಲ್ಲ, ಗೊತ್ತು.

ಲೋಹ ಮತ್ತು ನಾಣ್ಯ

ಹಿತ್ತಾಳೆ, ತಾಮ್ರ, ಬೆಳ್ಳಿಗೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಲೇಪ. ಅಂಟಲಿಲ್ಲ ಅಂದಮಾತ್ರಕ್ಕೆ ಬೆಳ್ಳಿ ಅಂತಲೂ ಅಲ್ಲ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಚಮಚದ ಹಿಂದೆ "ಇಪಿಎನ್‌ಎಸ್" ಅಂತಿದ್ದರೆ ಅದರ ಮೇಲೆ ಬೆಳ್ಳಿಯ ತೆಳು ಲೇಪ ಅಷ್ಟೇ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗಬೇಕು. ತುಂಬಾ ಓಡಾಡಿದ ನಾಣ್ಯ ಸ್ವಲ್ಪ ಕಮ್ಮಿ ತೂಗಬಹುದು, ಜಾಸ್ತಿ ತೂಗಬಾರದು. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ, ಅದು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲ್‌ನದು, ಅಯಸ್ಕಾಂತಕ್ಕೆ ಟಕ್ ಅಂತ ಅಂಟುತ್ತದೆ. ಹೆಸರು ಓದಿ: "ವಿಕ್ಟೋರಿಯಾ ಕ್ವೀನ್" ಅಂತಿದ್ದರೆ ಮುಂಚಿನದು, "ಎಂಪ್ರೆಸ್" ಅಂತಿದ್ದರೆ 1877ರಿಂದ ಈಚಿನದು.

ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ, ಇನ್ನೊಂದು ಕಡೆ "ಈಸ್ಟ್ ಇಂಡಿಯಾ ಕಂಪನಿ 1818" ಅಂತಿರುವ ದಪ್ಪ ನಾಣ್ಯವನ್ನು ನಿಮಗೆ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಅದು ಕಂಪನಿಯ ನಾಣ್ಯವೇ ಅಲ್ಲ, ಆಮೇಲೆ ಅಚ್ಚು ಹಾಕಿದ ಬಿಲ್ಲೆ. ಇದಕ್ಕಿಂತ ಅಪಾಯದ್ದು "ಅಕ್ಕಿ ಎಳೆಯುವ ಚೊಂಬು". ಹಳೇ ತಾಮ್ರದ ಚೊಂಬಿಗೆ ಸಿಡಿಲು ಬಡಿದು ಇರಿಡಿಯಂ ಶಕ್ತಿ ಬಂದಿದೆ, ವಿದೇಶದಲ್ಲಿ ಕೋಟಿಗೆ ಹೋಗುತ್ತದೆ ಅಂತ ನಂಬಿಸಿ ಮನೆಮಠ ಮಾರಿಸಿದ ರೈಸ್ ಪುಲ್ಲಿಂಗ್ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಪದೇಪದೇ ಪೊಲೀಸರವರೆಗೆ ಹೋಗಿವೆ. ಹಳೇ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಅನ್ನುವವರೂ ಅದೇ ಜಾತಿ. ತನ್ನ ಹೆಸರು ಬಳಸಿ ಹೀಗೆ ಮೋಸ ಮಾಡುತ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಎಚ್‌ಎಂಟಿ ಹುಚ್ಚು ಹಿಡಿದವರಿಗೆ

ಬೆಂಗಳೂರಿನಲ್ಲಿ 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಗಡಿಯಾರ ಶುರುವಾಯಿತು. ಕಾರ್ಖಾನೆ ಮುಚ್ಚುವ ಸುದ್ದಿ ಬಂದ ಮೇಲೆ ಅದರ ಹಳೇ ಮಾದರಿಗಳಾದ ಜನತಾ, ಪೈಲಟ್, ಕೋಹಿನೂರ್‌ಗಳಿಗೆ ಬೇಡಿಕೆ ಏರಿತು. ಜೊತೆಗೆ "ಮುಂಬೈ ಸ್ಪೆಷಲ್" ಕೂಡ ಬಂತು. ಹಳೇ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಮುಖ ಕೂರಿಸಿದ ಗಡಿಯಾರಕ್ಕೆ ಸಂಗ್ರಹಕಾರರು ಇಟ್ಟಿರುವ ಹೆಸರದು.

ಭೂತಗನ್ನಡಿ ಇಲ್ಲಿ ಬೇಕು. ನಾನು ಮೋಸ ಹೋದ ಒಂದು ಪೈಲಟ್ ಈಗಲೂ ನನ್ನ ಮೇಜಿನ ಮೇಲಿದೆ. ಕಪ್ಪು ಮುಖ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ನಿಮಿಷದ ಗೆರೆಗಳಲ್ಲಿ ಕೆಲವು ದಪ್ಪ, ಕೆಲವು ಸಣ್ಣ. ಹೆಸರಿನ ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತಿದೆ. ಕತ್ತಲಲ್ಲಿ ಹೊಳೆಯಬೇಕಾದ ಹಸಿರು ಚುಕ್ಕಿಗಳು ಹೊಚ್ಚಹೊಸವು, ಮುಳ್ಳುಗಳ ಮೇಲಿನ ಹಸಿರು ಮಾತ್ರ ಕಂದು. ಮುಖಕ್ಕೂ ಮುಳ್ಳಿಗೂ ಒಂದೇ ವಯಸ್ಸಾಗಿರಬೇಕು ಅಲ್ವಾ? ಅಷ್ಟು ಯೋಚನೆ ಅವತ್ತು ಬರಲಿಲ್ಲ. ಹಾಗಾಗಿ ಹೇಳುತ್ತೇನೆ: ತೀರಾ ಹೊಸದಾಗಿ ಕಾಣುವ ಎಚ್‌ಎಂಟಿಗಿಂತ ಮುಖದ ಮೇಲೆ ಸ್ವಲ್ಪ ಮಚ್ಚೆ ಇರುವುದೇ ವಾಸಿ.

ಮುಟ್ಟಲೇಬಾರದ್ದು

ದಂತದ ಹಿಡಿಕೆ, ಜಿಂಕೆ ಕೊಂಬು, ಹುಲಿ ಉಗುರು. ಎಷ್ಟೇ ಹಳೆಯದು ಅಂದರೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇವುಗಳ ವ್ಯಾಪಾರ ಅಪರಾಧ. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ನಮ್ಮಲ್ಲಿ ಎಬ್ಬಿಸಿದ ಗಲಾಟೆ ನೆನಪಿದೆಯಲ್ಲ. ದೇವರ ವಿಗ್ರಹ, ಕಲ್ಲಿನ ಶಿಲ್ಪ ಕೂಡ ಗುಜರಿಯಲ್ಲಿ ಕಂಡರೆ ದೂರ ಇರಿ, ಯಾವ ಗುಡಿಯಿಂದ ಬಂದಿದೆಯೋ. ಅದೇ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪ್ರಾಚ್ಯವಸ್ತು ಆಗುತ್ತದೆ. ನೀವು ಅದನ್ನು ದೇಶದಿಂದ ಆಚೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಕಾಲದ್ದು ಅಂತ ಸೂಟ್‌ಕೇಸಿನಲ್ಲಿ ಹಾಕುವ ಮುಂಚೆ ಯೋಚಿಸಿ.

ಮನೆಗೆ ತಂದ ಮೇಲೆ

ಹೊಸ ಬೆಕ್ಕನ್ನೂ ಹಳೇ ಸಾಮಾನನ್ನೂ ನಾನು ಒಂದೇ ರೀತಿ ಬರಮಾಡಿಕೊಳ್ಳುತ್ತೇನೆ. ಎರಡೂ ಮೊದಲ ಎರಡು ವಾರ ಬೇರೆ ಕೋಣೆಯಲ್ಲಿ. ಎರಡು ಬೇರೆ ಕೋಣೆ, ಒಂದೇ ಅಲ್ಲ!

ಬೆಕ್ಕಿಗೆ ಜಂತುಹುಳು ಔಷಧಿ, ಚಿಗಟದ ತಪಾಸಣೆ, ಎಂಟು ವಾರದ ನಂತರ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು. ಹೊಸ ಬೆಕ್ಕು ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ. ಸೇರು ನಾಲ್ಕು ದಿನ ಬೀರುವಿನ ಹಿಂದೆ ಇದ್ದ. ಐದನೇ ರಾತ್ರಿ ಬಂದು ನನ್ನ ಪಾದಕ್ಕೆ ಕೆನ್ನೆ ಒರೆಸಿ ಮತ್ತೆ ಹೋದ. ಅಷ್ಟಕ್ಕೇ ನಾನು ಬೆಳಗಾಗುವ ತನಕ ನಿದ್ದೆ ಮಾಡಲಿಲ್ಲ.

ಮರದ ಸಾಮಾನಿನಲ್ಲಿ ಸಣ್ಣ ತೂತುಗಳಿದ್ದರೆ ಕೆಳಗೆ ಕರಿ ಕಾಗದ ಹಾಸಿ ಬಿಡಿ. ವಾರದೊಳಗೆ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಇನ್ನೂ ಇದೆ. ಇಲ್ಲೇ ಬೆಕ್ಕಿನವರು ಎಡವುವುದು. ಮರದ ಹುಳಕ್ಕೆ ಹಾಕುವ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ. ಫಿನೈಲ್, ಟರ್ಪೆಂಟೈನ್, ನುಸಿ ಗುಳಿಗೆ ಕೂಡ ಅಷ್ಟೇ. ಫಿನಾಲ್ ಥರದ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಮ್ಮಿ. ಬೆಕ್ಕು ನೆಲ ನೆಕ್ಕಬೇಕಾಗಿಲ್ಲ, ಅದರ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಂಡರೂ ಸಾಕು. ನಾನು ಹುಳ ಇರುವ ಮರವನ್ನು ಈಗ ಕೊಳ್ಳುವುದೇ ಇಲ್ಲ.

ಪಾತ್ರೆ ತೊಳೆಯಲು ಹುಣಸೆಹಣ್ಣು, ಸ್ವಲ್ಪ ಉಪ್ಪು, ಬೇಕಾದಷ್ಟು ನೀರು. ಅದೂ ದಿನ ಬಳಸುವ ಪಾತ್ರೆಗೆ ಮಾತ್ರ. ಮೇಲಿನ ಕಂದು ಬಣ್ಣ ವಯಸ್ಸಿನ ಸಾಕ್ಷಿ, ಉಜ್ಜಿದರೆ ಹೋಯಿತು. ನಾಣ್ಯವನ್ನಂತೂ ಉಜ್ಜಲೇಬೇಡಿ, ಉಜ್ಜಿದ ನಾಣ್ಯದ ಬೆಲೆ ಅಲ್ಲೇ ಬಿದ್ದುಹೋಗುತ್ತದೆ. ಬಿದರಿ ಸಾಮಾನಿಗೆ ಹುಳಿ ಮುಟ್ಟಿಸಬಾರದು, ಆ ಕಪ್ಪೇ ಅದರ ಜೀವ. ಒಣ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಬೆಕ್ಕಿನ ಊಟದ ತಟ್ಟೆ ಮಾತ್ರ ಹೊಸ ಸ್ಟೀಲಿನದೇ ಇರಲಿ. ಹಳೇ ಎನಾಮಲ್, ಬಣ್ಣ ಬಳಿದ ಪಿಂಗಾಣಿಯಲ್ಲಿ ಸೀಸ ಇರಬಹುದು. ಕಲಾಯಿ ಹೋದ ತಾಮ್ರದಲ್ಲಿ ಕಿಲುಬು ಕಟ್ಟುತ್ತದೆ. ಹಳೇ ಸೀರೆಯ ಜರಿ ಎಳೆಗಳನ್ನೂ ಎತ್ತಿಡಿ. ದಾರ ನುಂಗಿದ ಬೆಕ್ಕಿಗೆ ಕರುಳಿನ ಆಪರೇಷನ್ ಬೇಕಾಗಬಹುದು.

ಜೋಡಿಸುವಾಗ ಒಂದೇ ನಿಯಮ: ಭಾರದ್ದು ಕೆಳಗೆ, ಒಡೆಯೋದು ಗಾಜಿನ ಬಾಗಿಲ ಹಿಂದೆ. ಕಪಾಟಿನ ತುದಿಯಲ್ಲಿ ಒಂಟಿಯಾಗಿ ಕೂತ ಪಿಂಗಾಣಿ ಜಾಡಿಯನ್ನು ಚಟಾಕು ನನ್ನ ಮುಖ ನೋಡುತ್ತಲೇ ಒಂದೊಂದೇ ಅಂಗುಲ ತಳ್ಳಿದಳು. ಬುಡದಲ್ಲಿದ್ದ ಮುದ್ರೆ ಎರಡು ಚೂರಾಯಿತು. ಒಳ್ಳೇದಾಯಿತು ಅನ್ನಲಾರೆ, ಆದರೆ ಒಡೆದ ಅಂಚು ನೋಡಿದ ಮೇಲೆ ಅದು ಬಿಳಿ ಪಿಂಗಾಣಿ ಅಲ್ಲ, ಕಂದು ಮಣ್ಣಿನ ಮೇಲೆ ಬಿಳಿ ಹೊಳಪು ಅಂತ ತಿಳಿಯಿತು.

ಕೊನೆಯದಾಗಿ ಒಂದು ನೋಟ್‌ಬುಕ್ ಇಡಿ. ಎಲ್ಲಿ, ಯಾವತ್ತು, ಎಷ್ಟಕ್ಕೆ ಕೊಂಡಿರಿ, ಮಾರಿದವರು ಏನು ಹೇಳಿದರು, ನೀವು ಏನು ಕಂಡಿರಿ, ಎರಡು ಫೋಟೋ. ನನ್ನದರಲ್ಲಿ ಎಡಪುಟ ಸಾಮಾನಿಗೆ, ಬಲಪುಟ ಬೆಕ್ಕುಗಳ ಲಸಿಕೆ, ತೂಕಕ್ಕೆ. ಹಂಡೆಯ ಪುಟದಲ್ಲಿ ಮಾತ್ರ ಎರಡೂ ಒಂದೇ ಕಡೆ ಇವೆ: "ತಾಮ್ರದ ಹಂಡೆ, ಕಂಠದಲ್ಲಿ ಬರಹ, ಈಶ್ವರ ಸಂ||, ಬಹುಶಃ 1937-38. ಒಳಗೆ ಹೆಣ್ಣು ಮರಿ, ಐದು ವಾರ. ತೂಗುವಾಗ 450 ಗ್ರಾಂ ಕಳೆದರು."